ಟವರ್ಗವಿಲ್ಲದ ಹಸೆಯ ಹಾಡು

ನಮ್ಮ ಹಾಡಿನ ಅಕ್ಕೋರಿಗೆ ಗಂಟಲ ಕ್ಯಾನ್ಸರು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಗತಿಯಿಲ್ಲ ಎಂದು ದವಾಖಾನೆಯವರು ಹೇಳಿದ ಮಾರನೆಯ ದಿನ ಅವರ ಯಜಮಾನರು ಈ ಮರಾಠಿ ಊರಿನ ಸೀತಾಬರ್ಡಿ ಪೇಟೆಯ ನನ್ನ ಸ್ಟುಡಿಯೋಗೆ ಬಂದರು. ಹಿಂಗಣಾ ರಸ್ತೆಯಿಂದ ಉರಿಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದಿದ್ದರು, ತಲೆಗೆ ಒದ್ದೆ ಟವೆಲು ಸುತ್ತಿದ್ದರು. ನಾನು ಮಸಾಲೆಪುಡಿಯ ಜಾಹೀರಾತಿನ ಹಾಡೊಂದನ್ನು ಹಿಡಿದು ಕುಳಿತಿದ್ದೆ. ಬೆಳಗಿನಿಂದ ಅದೇ ಒಂದು ಸಾಲು ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು, ಯಾರು ಬಂದರೂ ಮೈಮೇಲೆ ಹೋಗುವ ಹಾಗಿದ್ದೆ. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

“ತಂಗಿ, ಕಂಪ್ಯೂಟರ್ ಕಡಿಂದ ಹಾಡಸ್ತಿಯಲ್ಲ, ಅದರಾಗ ನಮ್ಮಾಕಿ ದನಿ ಹಾಕಾಕ ಬರ್ತೈತೇನು?” ಎಂದು ಕೇಳಿದರು.

ಕಾಕಾ ಎಂದೇ ನಾನು ಅವರನ್ನು ಕರೆಯುತ್ತಿದ್ದೆ. ಲೆಕ್ಕಪತ್ರದ ಕೇಂದ್ರ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಕನ್ನಡ ಸಂಘದ ಆಮಂತ್ರಣಗಳನ್ನೆಲ್ಲ ಮನೆಯ ಕಂಪ್ಯೂಟರಿನಲ್ಲಿ ತಾವೇ ಟೈಪು ಮಾಡುತ್ತಿದ್ದರು. ಅಕ್ಕೋರು ಅದೇ ಸಂಘದಲ್ಲಿ ಭಾನುವಾರ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ನಾನೂ ಕೆಲವು ತಿಂಗಳು ಕೂತಿದ್ದೆ. “ನಿನಗ ಕಿವಿ ಐತಿ, ಗಂಟಲ ಇಲ್ಲ. ಬ್ಯಾರೆ ಕೆಲಸ ನೋಡು,” ಎಂದು ಎಲ್ಲರ ಎದುರು ಹೇಳಿ ಎಬ್ಬಿಸಿದವರು ಅವರೇ. ಅವರ ಮಾತು ನಿಜವಾಗಿದ್ದರಿಂದ ಸಿಟ್ಟು ಬಹಳ ದಿನ ಉಳಿಯಲಿಲ್ಲ.

ಕಾಕಾ ಕೇಳಿದ್ದು ಜಪಾನಿನ ಒಬ್ಬರು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದ ಒಂದು ಸಾಫ್ಟ್‌ವೇರಿನ ವಿಷಯ. ಒಬ್ಬರ ದನಿಯಲ್ಲಿ ಕ, ಕಿ, ಕು, ಕೆ, ಕೊ ಎಂದು ಒಂದೊಂದೇ ಅಕ್ಷರ ಹೇಳಿಸಿ, ಒಂದೊಂದನ್ನೂ ಪ್ರತ್ಯೇಕ ಫೈಲು ಮಾಡಿ ಅದಕ್ಕೆ ಕೊಡಬೇಕು. ಆಮೇಲೆ ಪರದೆಯ ಮೇಲೆ ಯಾವ ಸ್ವರದಲ್ಲಿ ಯಾವ ಅಕ್ಷರ, ಎಷ್ಟು ಉದ್ದ ಎಂದು ಪಟ್ಟಿ ಪಟ್ಟಿಯಾಗಿ ಹಾಕಿದರೆ ಅದು ಅಕ್ಷರಗಳನ್ನು ಎಳೆದು, ಏರಿಸಿ, ಇಳಿಸಿ, ಒಂದಕ್ಕೊಂದು ಅಂಟಿಸಿ ಹಾಡಿಸುತ್ತದೆ. ಜಾಹೀರಾತಿನ ಕೋರಸ್ಸಿಗೆ ನಾನು ಅದನ್ನು ಆಗಾಗ ಬಳಸುತ್ತಿದ್ದೆ. ಕೊಳವೆಯೊಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು, ಆದರೂ ಅದು ಹಾಡೇ.

“ದನಿ ಹಾಕಬಹುದು. ಆದ್ರ ಯಾತಕ್ಕ ಬೇಕ್ರಿ ಕಾಕಾ?” ಎಂದೆ. ಅವರು ಟವೆಲು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದರು.

“ಮಗಳ ಲಗ್ನ ದೀಪಾವಳಿ ಆದಮ್ಯಾಲ. ಹಸಿಗೆ ಕರಿಯೋ ಹಾಡು ಯಾರು ಹೇಳಬೇಕು?”

ಆ ಹಾಡಿನ ಕಥೆ ಸಂಘದ ಹೆಂಗಸರಿಗೆಲ್ಲ ಗೊತ್ತಿತ್ತು. ಅಕ್ಕೋರ ತಾಯಿ ಕಟ್ಟಿದ ಪದ. ಮದುಮಗ ಹಸೆಮಣೆಯ ಮೇಲೆ ಕೂತ ಮೇಲೆ ಮಗಳನ್ನು ಒಳಗಿನಿಂದ ಕರೆಯಲು ಹೆತ್ತವಳು ಹಾಡಬೇಕಾದದ್ದು. ಆ ಮನೆಯ ಪದ್ಧತಿಯಲ್ಲಿ ಅದನ್ನು ಬೇರೆ ಯಾರ ಮದುವೆಯಲ್ಲೂ ಹಾಡುವಂತಿಲ್ಲ, ಕಲಿಸುವಂತಿಲ್ಲ, ಮಗಳ ಮದುವೆಯಲ್ಲಿ ತಾಯಿ ಒಮ್ಮೆ ಹಾಡಬೇಕು, ಮುಗಿಯಿತು. ಅಕ್ಕೋರಿಗೆ ಇದ್ದವಳು ಒಬ್ಬಳೇ ಮಗಳು. ಹಾಗಾಗಿ ಅವರು ಅದನ್ನು ತಮ್ಮ ಬಾಯಿಂದ ಇನ್ನೂ ಹಾಡಿಯೇ ಇರಲಿಲ್ಲ. ಅವರನ್ನು ಬಿಟ್ಟರೆ ಅದನ್ನು ಕೇಳಿದವರು ಇಲ್ಲಿ ಕಾಕಾ ಮಾತ್ರ, ಮದುಮಗನಾಗಿ ಮಣೆಯ ಮೇಲೆ ಕೂತು.

“ನಮ್ಮತ್ತಿ ಹಾಡಿದ್ದು ಒಂದಕ್ಷರ ಮರತಿಲ್ಲ ನಾ,” ಎಂದು ಅಲ್ಲೇ ಕೂತು ಹೇಳಿದರು. “ಏಳು ಬಾ ಬಾಲೆ, ಹಸೆಯ ಮಣೆಗೆ ನೀ, ಗಂಡನ ಮನೆಯ ಕಣ್ಣಾಗು.”

ಇದಕ್ಕೆಲ್ಲ ಯಂತ್ರದ ಉಸಾಬರಿ ಯಾಕೆ, ಹಾಡನ್ನೇ ನೇರವಾಗಿ ರೆಕಾರ್ಡ್ ಮಾಡಿಬಿಡೋಣ ಎಂದು ನಾನು ಮೈಕು ಎತ್ತಿಕೊಂಡು ಅವರ ಮನೆಗೆ ಹೋದೆ. ಅಕ್ಕೋರು ತಯಾರಾಗಿ ಕೂತಿದ್ದರು, ರವಿಕೆಗೆ ಒಪ್ಪುವ ಸೀರೆ, ಕುಂಕುಮ, ಕಾರ್ಯಕ್ರಮಕ್ಕೆ ಕೂತ ಹಾಗೆ. ‘ಏಳು ಬಾ’ ಎನ್ನುವಷ್ಟರಲ್ಲಿ ದನಿ ಒಡೆಯಿತು. ಮತ್ತೆ ಶುರು ಮಾಡಿದರೆ ಕೆಮ್ಮು. ಕೆಮ್ಮು ನಿಲ್ಲುವ ತನಕ ಕಾದು ಮತ್ತೆ ಹಿಡಿದರೆ ಉಸಿರು ಸಾಲಲಿಲ್ಲ. ಬೆಳಗ್ಗೆ ಪೂರ್ತಿ ಹೀಗೇ ಹೋಯಿತು. ಕೊನೆಗೆ ಅವರೇ ಕೈ ಎತ್ತಿ ಸಾಕು ಎಂದರು. ನಾಲ್ಕು ತಾಸು ಬಿಡದೆ ಪಾಠ ಹೇಳುತ್ತಿದ್ದ ಗಂಟಲು ಅದು.

ಒಂದೇ ಅಕ್ಷರವಾದರೆ ಮಾತ್ರ ಬರುತ್ತಿತ್ತು. ಒಂದು ‘ಕ’, ಒಂದೇ ಸ್ವರದಲ್ಲಿ, ಒಂದು ಉಸಿರಿನಷ್ಟು. ಅದು ಇನ್ನೂ ಅವರದೇ ದನಿಯಾಗಿತ್ತು, ಸ್ವಲ್ಪ ಒರಟು, ಸ್ವಲ್ಪ ಮೂಗಿನ ಎಳೆ. ಸರಿ, ಅಕ್ಷರಗಳೇ ಆಗಲಿ ಎಂದು ನಿರ್ಧರಿಸಿದೆವು.

ಅವರ ಗಂಟಲು ಯಾವಾಗ ಒಪ್ಪುತ್ತದೋ ಆಗಲೇ ಹಿಡಿಯಬೇಕಿತ್ತು, ನಾನು ಸ್ಟುಡಿಯೋ ಬಾಗಿಲು ಹಾಕಿ ದಿನವಿಡೀ ಅಲ್ಲೇ ಕೂರುವಂತಿರಲಿಲ್ಲ. ಹಾಗಾಗಿ ಮೈಕನ್ನು ಅವರ ಮಲಗುವ ಕೋಣೆಯಲ್ಲಿ ನಿಲ್ಲಿಸಿ, ಗೋಡೆಗೆ ಗಾದಿ ಒರಗಿಸಿ, ಕಾಕಾ ಅವರಿಗೆ ಕೆಲಸ ಕಲಿಸಿದೆ. ಫ್ಯಾನು, ಕೂಲರ್ ಎರಡೂ ಬಂದ್. ಅಕ್ಕೋರ ಕಿವಿಗೆ ಹೆಡ್‌ಫೋನಿನಲ್ಲಿ ಶ್ರುತಿಪೆಟ್ಟಿಗೆ. ಕೆಂಪು ಗುಂಡಿ ಒತ್ತಬೇಕು, ಅವರು ಅಕ್ಷರ ಹೇಳುತ್ತಾರೆ, ನಿಲ್ಲಿಸಬೇಕು, ಹೆಸರು ಕೊಟ್ಟು ಉಳಿಸಬೇಕು. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಎಂದೆ, ಏಕೆಂದರೆ ಆ ಜಪಾನಿ ಸಾಫ್ಟ್‌ವೇರಿಗೋಸ್ಕರ ಕಂಪ್ಯೂಟರನ್ನು ಜಪಾನಿ ಭಾಷೆಗೆ ತಿರುಗಿಸಿದ ಮೇಲೆ ಕನ್ನಡವೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. “ಸಂಘದ ಕಾಗದಾ ಹೆಂಗ ಟೈಪ್ ಮಾಡ್ತೀರಿ, ಹಂಗs ಮಾಡ್ರಿ,” ಎಂದೆ. ಸಣ್ಣ ಎನ್ ಅಂದರೆ ನ, ದೊಡ್ಡ ಎನ್ ಅಂದರೆ ಣ, ಸಣ್ಣ ಎಲ್ ಅಂದರೆ ಲ, ದೊಡ್ಡದಾದರೆ ಳ. ಇಂಗ್ಲಿಷ್ ಕೀಲಿಯಲ್ಲಿ ಕನ್ನಡ ಕುಟ್ಟುವವರೆಲ್ಲ ಹೀಗೇ ಬರೆಯುವುದು, ನಾನೂ ಹಾಗೇ ಬರೆಯುತ್ತಿದ್ದೆ.

ಬಿಸಿಲೇರುವ ಮೊದಲು ಅವರಿಬ್ಬರೂ ಕೂರುತ್ತಿದ್ದರು. ನಾನು ಮಧ್ಯಾಹ್ನ ಒಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಅಕ್ಕೋರು ಪಾಠದಲ್ಲಿ ಎಷ್ಟು ಕಟ್ಟುನಿಟ್ಟೋ ಇಲ್ಲೂ ಅಷ್ಟೇ. ಒಂದು ಅಕ್ಷರ ಸ್ವಲ್ಪ ಅಲುಗಿದರೂ ಬೆರಳು ತಿರುಗಿಸಿ ಮತ್ತೊಮ್ಮೆ ಎನ್ನುತ್ತಿದ್ದರು. ಮತ್ತೊಮ್ಮೆ ಹೇಳಿದ್ದನ್ನು ಅದೇ ಹೆಸರಿಗೆ ಉಳಿಸುವಾಗ ಕಂಪ್ಯೂಟರ್ ಕೇಳುತ್ತಿತ್ತು, ಈ ಹೆಸರಿನ ಫೈಲು ಆಗಲೇ ಇದೆ, ಅದನ್ನು ತೆಗೆದು ಇದನ್ನು ಇಡಲೇ ಎಂದು. ಕಾಕಾ ಯೆಸ್ ಒತ್ತುತ್ತಿದ್ದರು. ಎಷ್ಟು ಸಲ ಒತ್ತಿದರೋ.

“ಇಷ್ಟು ವರ್ಷ ಹಾಡಿದೆ, ಈಗ ನೋಡು, ಕನ್ನಡ ಸಾಲಿ ಒಂದನೇತ್ತಕ್ಕ ಬಂದು ಕುಂತೀನಿ,” ಎಂದು ಅಕ್ಕೋರು ಒಂದು ಮಧ್ಯಾಹ್ನ ಪಿಸುದನಿಯಲ್ಲಿ ಹೇಳಿದರು. “ಮಾಸ್ತರು ಭಾಳ ಸಿಟ್ಟಿನವ್ರು.”

“ಯಾರದು ಸಿಟ್ಟು? ಒಂದ ‘ಖ’ ಎಷ್ಟ ಸರ್ತಿ ಒತ್ತಸ್ತಿ ನನ್ನ ಕೈಯಾಗ,” ಎಂದು ಕಾಕಾ ಬೆವರು ಒರೆಸಿಕೊಂಡರು.

ವರ್ಣಮಾಲೆಯ ಕ್ರಮದಲ್ಲೇ ಹೋದರು. ಮೊದಲ ಸಾಲುಗಳನ್ನು ನಾನು ಕೇಳಿ ನೋಡಿದೆ, ಒಂದೊಂದೂ ನೀಟಾಗಿತ್ತು. ‘ಹ’ ಮುಗಿದು, ‘ಳ’ ಮುಗಿದ ದಿನ ಅಕ್ಕೋರು ಹೆಡ್‌ಫೋನು ತೆಗೆದಿಟ್ಟು ನೀರು ಕುಡಿದರು. ಆ ವಾರವೇ ಆಸ್ಪತ್ರೆಗೆ ಸೇರಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಕತ್ತಿನ ಕೆಳಗೆ ಉಸಿರಾಡಲು ಒಂದು ತೂತು ಮಾಡಿದ್ದರು.

ನಾನು ಫೈಲುಗಳನ್ನು ಸ್ಟುಡಿಯೋಗೆ ತಂದುಕೊಂಡಿದ್ದೆ. ಇನ್ನು ಗುರುತು ಹಾಕುವ ಕೆಲಸ. ಪ್ರತಿ ಅಕ್ಷರದಲ್ಲೂ ವ್ಯಂಜನ ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸಬೇಕು, ಅದನ್ನು ಎಳೆಯಬಾರದು, ಎಳೆದರೆ ‘ಕ’ ಹೋಗಿ ಕ್ಯಾಕರಿಸಿದ ಹಾಗಾಗುತ್ತದೆ. ಎಳೆಯಬಹುದಾದ ಸ್ವರಭಾಗ ಎಲ್ಲಿಂದ ಎಲ್ಲಿಗೆ, ಹಿಂದಿನ ಅಕ್ಷರದ ಬಾಲದ ಮೇಲೆ ಇದು ಎಷ್ಟು ಕೂರಬೇಕು, ಎಲ್ಲವನ್ನೂ ಕಣ್ಣಿಟ್ಟು, ಕಿವಿಯಿಟ್ಟು ತಿದ್ದಬೇಕು. ಕ ಸಾಲು, ಚ ಸಾಲು ಆಯಿತು. ಮೂರನೆಯ ಸಾಲಿಗೆ ಬಂದೆ. ದೊಡ್ಡ ಟಿ ಹೆಸರಿನ ಫೈಲು ಒತ್ತಿದರೆ ಅಕ್ಕೋರು ‘ತ’ ಎಂದರು.

ಹೆಸರು ತಪ್ಪಿ ಹಾಕಿರಬೇಕು ಎಂದುಕೊಂಡೆ. ದೊಡ್ಡ ಡಿ ಒತ್ತಿದೆ, ‘ದ’ ಎಂದರು. ದೊಡ್ಡ ಎನ್ ಒತ್ತಿದೆ, ‘ನ’. ಸಣ್ಣ ಅಕ್ಷರದ ಹೆಸರುಗಳನ್ನು ಹುಡುಕಿದರೆ ಅವು ಇರಲೇ ಇಲ್ಲ. ಕೆಳಗೆ ಸಣ್ಣ ಎಲ್ ಇತ್ತು, ಒತ್ತಿದರೆ ‘ಳ’ ಎಂದರು. ಆಗ ತಲೆಗೆ ಹೊಳೆಯಿತು. ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ನಮಗೆ ಬೇರೆ, ಫೈಲು ಇಡುವ ಕಂಪ್ಯೂಟರಿಗೆ ಎರಡೂ ಒಂದೇ. ‘ತ’ ಉಳಿಸಲು ಹೋದಾಗ ಅದು, ಈ ಹೆಸರಿನದು ಆಗಲೇ ಇದೆ, ತೆಗೆಯಲೇ ಎಂದು ‘ಟ’ದ ಬಗ್ಗೆ ಕೇಳಿರಬೇಕು. ಎರಡನೇ ಸಲ ಹೇಳಿಸಿದಾಗಲೂ ಅದೇ ಪ್ರಶ್ನೆ ಕೇಳುತ್ತಿತ್ತಲ್ಲ, ಕಾಕಾ ಯೆಸ್ ಒತ್ತಿದ್ದಾರೆ. ಟವರ್ಗ ಪೂರ್ತಿ ತವರ್ಗದ ಕೆಳಗೆ ಹೂತುಹೋಗಿತ್ತು. ‘ಲ’ದ ಮೇಲೆ ‘ಳ’ ಕೂತಿತ್ತು. ಶ, ಷ ಕೂಡ ಒಂದಾಗಿದ್ದವು, ಅದಕ್ಕೆ ಯಾರೂ ಅಳುವವರಿರಲಿಲ್ಲ.

ಎಷ್ಟು ಕೆಟ್ಟಿದೆ ನೋಡೋಣ ಎಂದು ರಾಗವಿಲ್ಲದೆ ಒಂದೇ ಸ್ವರದಲ್ಲಿ, ಇದ್ದ ಅಕ್ಷರಗಳಲ್ಲೇ ಕಾಕಾ ಹೇಳಿದ ಸಾಲು ಹಾಕಿ ಓಡಿಸಿದೆ. ‘ಏಳು ಬಾ ಬಾಳೆ, ಹಸೆಯ ಮನೆಗೆ ನೀ, ಗಂದನ ಮನೆಯ ಕನ್ನಾಗು.’ ಮಗಳನ್ನು ಬಾಳೆ ಮಾಡಿ, ಗಂಡನ ಮನೆಗೆ ಕನ್ನ ಕೊರೆಯಲು ಕಳಿಸಿದ ಹಾಗಿತ್ತು. ಒಂದು ಕ್ಷಣ ನಗು ಬಂತು. ಆಮೇಲೆ ಅಲ್ಲೇ ಕೂತು ಅತ್ತೆ.

ಹುಡುಕಾಟ ಶುರುವಾಯಿತು. ಸದ್ದು ಸ್ವಚ್ಛ ಮಾಡಬೇಕು ಎಂದು ಕಾಕಾ ಅವರಿಗೆ ಸುಳ್ಳು ಹೇಳಿ ಅವರ ಕಂಪ್ಯೂಟರನ್ನೇ ಎತ್ತಿಸಿಕೊಂಡು ಬಂದೆ, ಅಳಿಸಿಹೋದ ಫೈಲು ಎಬ್ಬಿಸುವ ಪ್ರೋಗ್ರಾಂ ಹಾಕಿದೆ. ಅಳಿಸಿದ್ದಾದರೆ ಏಳುತ್ತಿತ್ತೇನೋ, ಒಂದರ ಮೇಲೊಂದು ಬರೆದದ್ದು ಎಲ್ಲಿಂದ ಏಳಬೇಕು. ಬಂದದ್ದು ಬರೀ ಸುಸ್ಸೆನ್ನುವ ಸದ್ದಿನ ಚೂರು. ಸಂಘದ ಹಳೆಯ ಕ್ಯಾಸೆಟ್ಟುಗಳನ್ನು ತರಿಸಿದೆ. ಅಕ್ಕೋರು ಒಬ್ಬರೇ ಹಾಡಿದ ಒಂದು ಸಾಲೂ ಇರಲಿಲ್ಲ, ಎಲ್ಲ ಕಡೆ ಹಾರ್ಮೋನಿಯಂ, ಚಪ್ಪಾಳೆ, ಹಿಂದೆ ಶಿಷ್ಯೆಯರ ಗುಂಪು. ಅವುಗಳೊಳಗಿಂದ ಒಂದು ‘ಡ’ ಕಿತ್ತರೆ ಅದರ ಜೊತೆ ಹಾರ್ಮೋನಿಯಂ ಚೂರು, ಯಾರದೋ ಗಂಟಲಿನ ಚೂರು ಅಂಟಿಕೊಂಡು ಬರುತ್ತಿತ್ತು. ಕೊನೆಗೆ ಟವರ್ಗವನ್ನೂ ‘ಲ’ವನ್ನೂ ನಾನೇ ಹೇಳಿ, ದನಿಯನ್ನು ತಿದ್ದಿ ತೀಡಿ ಅವರದರ ಹತ್ತಿರಕ್ಕೆ ತಂದು ಸೇರಿಸಿದೆ. ಕಿವಿ ಇಲ್ಲದವರಿಗೆ ಗೊತ್ತಾಗುವ ಹಾಗಿರಲಿಲ್ಲ.

ಆಸ್ಪತ್ರೆಗೆ ಅದನ್ನು ತೆಗೆದುಕೊಂಡು ಹೋದೆ. ಅಕ್ಕೋರು ದಿಂಬಿಗೆ ಒರಗಿ ಕೂತಿದ್ದರು, ಕತ್ತಿಗೆ ಬಿಳಿ ಅರಿವೆ ಕಟ್ಟಿದ್ದರು, ತೊಡೆಯ ಮೇಲೆ ಪಾಟಿ, ಬಳಪ. ಕಾಕಾ ಔಷಧಿ ತರಲು ಕೆಳಗೆ ಹೋಗುವ ತನಕ ಕಾದು ಅವರ ಕಿವಿಗೆ ಹೆಡ್‌ಫೋನು ಇಟ್ಟೆ. ಅವರು ಒಂದು ಸಾಲು ಕೇಳಿ ನನ್ನ ಮುಖ ನೋಡಿದರು. ಪಾಟಿಯ ಮೇಲೆ ಬರೆದರು. ‘ಬಾಲೆ ಅನ್ನಾಕಿ ನೀನು.’

ಇನ್ನು ಮುಚ್ಚಿಡುವುದು ಯಾರಿಗೆ? ಎಲ್ಲವನ್ನೂ ಹೇಳಿದೆ. ದೊಡ್ಡ ಎನ್, ಸಣ್ಣ ಎನ್, ಯೆಸ್. ಅವರು ಪಾಟಿ ಒರೆಸಿದರು. ಕತ್ತಿನ ಅರಿವೆ ಉಸಿರಿಗೆ ಏರಿಳಿಯುತ್ತಿತ್ತು. ಆಮೇಲೆ ಬರೆದರು. ‘ಅವರಿಗೆ ಹೇಳಬ್ಯಾಡ.’

“ಮಗಳ ದನಿ ನಿಮ್ಮ ಹಾಂಗs ಐತ್ರಿ. ಅಕಿ ಕಡಿಂದ ಈ ನಾಕ ಅಕ್ಷರ ಹೇಳಸ್ತೀನಿ,” ಎಂದೆ.

‘ಮಗಳನ್ನ ಕರಿಯೋ ಹಾಡು ಮಗಳ ಬಾಯಾಗ ಬ್ಯಾಡ. ಮತ್ತ ಅಕಿ ಅಪ್ಪಗ ಹೇಳದ ಬಿಡೂದಿಲ್ಲ.’ ಅದನ್ನೂ ಒರೆಸಿದರು. ಬಳಪವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಕಿಟಕಿ ನೋಡಿದರು. ಮತ್ತೆ ಬರೆದರು. ‘ಏನೇನು ಇಲ್ಲ, ಬರಕೊಡು.’ ನಾನು ಬರೆದುಕೊಟ್ಟೆ. ಟ, ಠ, ಡ, ಢ, ಣ, ಲ.

ಮನೆಗೆ ಬಂದ ಮೇಲೆ ಅವರು ತಾಯಿ ಕಟ್ಟಿದ ಹಾಡನ್ನು ಬಿಚ್ಚಲು ಕೂತರು. ಇಲ್ಲದ ಅಕ್ಷರ ಬಂದ ಕಡೆಯೆಲ್ಲ ಪದವನ್ನೇ ತೆಗೆದು, ಇದ್ದ ಅಕ್ಷರಗಳಲ್ಲಿ ಬೇರೆ ಪದ ಕೂರಿಸಬೇಕು. ಕನ್ನಡದಲ್ಲಿ ‘ಡ’ ಇಲ್ಲದೆ ಮಾತಾಡಿ ನೋಡಿ, ಗೊತ್ತಾಗುತ್ತದೆ. ಮಾಡು ಇಲ್ಲ, ನೋಡು ಇಲ್ಲ, ಹಾಡು ಇಲ್ಲ, ಗಂಡ ಇಲ್ಲ. ‘ಣ’ ಹೋದರೆ ಕಣ್ಣಿಲ್ಲ, ಹೆಣ್ಣಿಲ್ಲ. ‘ಲ’ ಹೋದರೆ ‘ಇಲ್ಲ’ ಎನ್ನುವುದಕ್ಕೂ ಇಲ್ಲ. ಮೂರನೇ ನುಡಿಯಲ್ಲಿ ಸಾಲಿಗೊಂದು ತೊಟ್ಟಿಲು ಬರುತ್ತಿತ್ತು, ಅದನ್ನು ತುಂಬಲು ಆಗದೆ ನುಡಿಯನ್ನೇ ಕೈಬಿಟ್ಟರು. ಆ ದಿನ ಅವರು ಪಾಟಿಯನ್ನು ಮಂಚದ ಮೇಲೆ ಬೋರಲು ಹಾಕಿ, ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೇಳದೆ ಎದ್ದು ಬಂದೆ.

ಕೊನೆಗೆ ಉಳಿದದ್ದು ಹೀಗೆ ಶುರುವಾಗುತ್ತಿತ್ತು. ‘ಏಳು ಬಾ ಮಗಳೆ, ಹಸೆಗೆ ಬಾ ಕೂಸೆ, ಸೇರಿದ ಮನೆಯ ಬೆಳಕಾಗು.’

ರಾಗ ಅಕ್ಕೋರ ತಲೆಯಲ್ಲಿ ಮಾತ್ರ ಇತ್ತು. ಕಾಕಾ ಸಂಜೆ ಅಡ್ಡಾಡಲು ಹೋದಾಗ ನನ್ನ ದನಿಯ ಅಕ್ಷರಗಳನ್ನು ತೆಗೆದುಹಾಕಿ ಮರಳಿ ತಂದಿಟ್ಟಿದ್ದ ಅವರ ಕಂಪ್ಯೂಟರಿನ ಮುಂದೆ ನಾನು ಕೂರುತ್ತಿದ್ದೆ, ಅವರು ಪಕ್ಕದಲ್ಲಿ. ಬೆರಳು ಮೇಲೆ ಹೋದರೆ ನಾನು ಸ್ವರದ ಪಟ್ಟಿ ಮೇಲೆ ಎಳೆಯಬೇಕು, ಕೆಳಗೆ ಬಂದರೆ ಕೆಳಗೆ. ‘ಮಗಳೆ’ಯ ‘ಳೆ’ಯನ್ನು ಸೀದಾ ಎಳೆದಿದ್ದೆ. ಅವರು ಮೇಜು ಕುಟ್ಟಿದರು. ಬೆರಳನ್ನು ಅಲೆಯ ಹಾಗೆ ಆಡಿಸಿದರು. ನಾನು ಅಲೆ ಮಾಡಿದೆ. ಮತ್ತೆ ಕುಟ್ಟಿದರು. ಸಾಕಾಗಿ, “ಯಂತ್ರದ ಕೈಯಾಗ ಇಷ್ಟs ಆಗೂದ್ರಿ ಅಕ್ಕೋರ,” ಎಂದು ರೇಗಿಬಿಟ್ಟೆ. ಅವರು ಪಾಟಿ ತೆಗೆದುಕೊಂಡರು. ‘ಈಗ ನನ್ನ ಗಂಟಲs ಈ ಯಂತ್ರ, ನೀ ರೇಗಬ್ಯಾಡ, ಎಳಿ.’ ಎಳೆದೆ. ಸಂಜೆ ಸಂಜೆ ಎಳೆದೆ. ಅವರಿಗೆ ಪೂರ್ತಿ ಸಮಾಧಾನವಾಗಲೇ ಇಲ್ಲ, ಮದುವೆ ಬಂತು, ಬಿಟ್ಟರು.

ಕಾಕಾ ಎಷ್ಟು ಸಲ ಕೇಳಿದರೂ ಮದುವೆಯ ದಿನವೇ ಕೇಳ್ರಿ ಎಂದು ಅಕ್ಕೋರು ಬರೆದು ತೋರಿಸಿದ್ದರು. ಕಾಕಾಗೂ ಅದು ಖುಷಿಯೇ. “ನನಗs ಸರ್ಪ್ರೈಸ್ ಅಂತ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹುಡುಗ ಮರಾಠಿಯವನು, ಅಂತರಪಾಟ, ಮಂಗಲಾಷ್ಟಕ ಎಲ್ಲ ಅವರ ಪದ್ಧತಿ. ಅದಕ್ಕೆ ಮೊದಲು ಹಸೆಗೆ ಕರೆಯುವುದು ಮಾತ್ರ ನಮ್ಮದಿರಲಿ ಎಂದು ಬೀಗರು ಒಪ್ಪಿದ್ದರು. ನಾನು ಸ್ಪೀಕರಿನ ಪಕ್ಕ ನಿಂತಿದ್ದೆ. ಸನ್ನೆ ಬಂತು, ಹಚ್ಚಿದೆ. ಕೊಳವೆಯ ದನಿಯೇ, ಅಂಟಿಸಿದ ಜಾಗಗಳೆಲ್ಲ ನನಗೆ ಮುಳ್ಳು ಚುಚ್ಚಿದ ಹಾಗೆ ಕೇಳುತ್ತಿದ್ದವು. ಆದರೆ ‘ಬಾ’ ಎಂದದ್ದು ಅಕ್ಕೋರೇ. ಮಗಳು ಬಾಗಿಲಲ್ಲಿ ನಿಂತುಬಿಟ್ಟಳು, ಸೋದರಮಾವ ಕೈಹಿಡಿದು ಎಳೆದರೂ ಹೆಜ್ಜೆ ಕಿತ್ತಿಡಲಿಲ್ಲ. ಸಂಘದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮದುವೆಯ ಮನೆಯಲ್ಲಿ ಸತ್ತವರ ದನಿ ಕೇಳಿದ ಹಾಗೆ ಎಲ್ಲ ಸ್ತಬ್ಧವಾಯಿತು, ಅಕ್ಕೋರು ಅಲ್ಲೇ ರೇಷ್ಮೆ ಸೀರೆ ಉಟ್ಟು ನಿಂತಿದ್ದರೂ. ನನಗೆ ಹೆದರಿಕೆಯಾಯಿತು.

ಊಟದ ಹೊತ್ತಿಗೆ ಕಾಕಾ ಬಂದರು. ಮುಖ ಕೆಂಪಾಗಿತ್ತು. ನೇರವಾಗಿ ಅಕ್ಕೋರ ಎದುರು ಹೋಗಿ ನಿಂತರು.

“ಇದೇನ ಮಾಡಿದಿ? ನಿಮ್ಮವ್ವ ಕಟ್ಟಿದ ಪದಾ ಅದು. ಬಾಲೆ ಎಲ್ಲಿ? ಕಣ್ಣು ಎಲ್ಲಿ? ಒಂದ ನುಡಿ ಪೂರಾ ನುಂಗೀದಿ. ಮೂವತ್ತ ವರ್ಷ ನಾ ತಲ್ಯಾಗ ಇಟಗೊಂಡೀನಿ, ನಿನಗ ತಿದ್ದಾಕ ಯಾರ ಹೇಳಿದ್ರು? ದನಿ ಹೋತಂದ್ರ ಹೋತು, ಪದಾನೂ ಕೆಡಸಬೇಕೇನು?”

ಬೀಗರು ಎಲೆಯ ಮುಂದೆ ಕೈ ತಡೆದು ನೋಡುತ್ತಿದ್ದರು. ಮಾತು ತಿಳಿಯದಿದ್ದರೂ ದನಿ ತಿಳಿಯುತ್ತದೆ. ನಾನು ಮುಂದೆ ಹೋಗಲು ಕಾಲೆತ್ತಿದೆ. ಅಕ್ಕೋರು ಕಾಕಾ ಅವರ ಭುಜದ ಮೇಲಿಂದ ನನ್ನತ್ತ ಒಮ್ಮೆ ದುರುಗುಟ್ಟಿ ನೋಡಿದರು, ಪಾಠದಲ್ಲಿ ಅಪಸ್ವರ ಹಿಡಿದವರನ್ನು ನೋಡುತ್ತಿದ್ದ ನೋಟ. ನಾನು ನಿಂತಲ್ಲೇ ನಿಂತೆ. ಕಾಕಾ ಅಡ್ಡ ಬಂದರು, ಆಮೇಲೆ ನನಗೆ ಅವರ ಬೆನ್ನು ಮಾತ್ರ ಕಂಡಿತು.

ಮರುಬೇಸಿಗೆಗೆ ರೋಗ ಪುಪ್ಪುಸಕ್ಕೆ ಇಳಿಯಿತು. ಮಳೆಗಾಲ ಹಿಡಿಯುವ ಮೊದಲೇ ಅಕ್ಕೋರು ಹೋದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಕಾ ಫೋನು ಮಾಡಿದರು. “ತಂಗಿ, ಸ್ವಲ್ಪ ಬಂದು ಹೋಗು,” ಎಂದರು. ಹೋದೆ. ಬಾಗಿಲು ತೆರೆದಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಹಾಡಿನ ಪಟ್ಟಿಗಳಿದ್ದವು. ನೋಡಿದ ಕೂಡಲೇ ಗೊತ್ತಾಯಿತು, ನನ್ನ ರಾಗ ಹಾಗೇ ಇಟ್ಟು, ಇಂಗ್ಲಿಷ್ ಕೀಲಿಯಲ್ಲಿ ಅಕ್ಷರಗಳನ್ನು ಒಂದೊಂದಾಗಿ ಬದಲಿಸಿದ್ದರು. ಬಾ, ಲೆ. ಕ, ಣ್ಣಾ, ಗು.

“ಅಕಿ ಇಲ್ಲಲ್ಲ. ಈಗರೆ ನಮ್ಮತ್ತಿ ಪದಾ ಹಾಡಸೂಣು ಅಂತ ಕುಂತೆ,” ಎಂದರು. “ಹಾಡಿದ್ಲು.”

ಒತ್ತಿ ನನಗೂ ಕೇಳಿಸಿದರು. ಏಳು ಬಾ ಬಾಳೆ. ಪಕ್ಕದಲ್ಲಿ ಫೋಲ್ಡರ್ ತೆರೆದಿತ್ತು. ಲೆಕ್ಕಪತ್ರದ ಮನುಷ್ಯ, ಒಂದೊಂದೇ ಫೈಲನ್ನು ತಾಳೆ ಹಾಕಿದ್ದರು.

“ನಾ ಒತ್ತಿದ ಯೆಸ್ ಅಲ್ಲೇನು?”

“ಹೌದ್ರಿ ಕಾಕಾ.”

“ಅಕಿಗೆ ಗೊತ್ತಿತ್ತೇನು?”

ಇಲ್ಲ ಎನ್ನಬಹುದಿತ್ತು. ಹೇಳಬ್ಯಾಡ ಎಂದು ಅಕ್ಕೋರು ಬರೆದದ್ದು ಇದನ್ನೇ. ಆದರೆ ಬದಲಿಸಿದ ಹಾಡು, ಕಾಣೆಯಾದ ಅಕ್ಷರ ಎರಡೂ ಅವರ ಎದುರಿಗೇ ಇದ್ದವು, ನನ್ನ ಸುಳ್ಳು ಅವರ ಕೈಗೆ ಸಿಗಲು ಒಂದು ಗಳಿಗೆ ಸಾಕಿತ್ತು.

“ಗೊತ್ತಿತ್ರಿ. ದವಾಖಾನ್ಯಾಗ ಇದ್ದಾಗಿಂದ.”

ನಾನು ನೀರು ತಂದಿಟ್ಟೆ, ಅವರು ಮುಟ್ಟಲಿಲ್ಲ.

“ಲಗ್ನದಾಗ ಅಷ್ಟ ಮಂದಿ ಮುಂದ ಬೈದೆ,” ಎಂದರು. “ನಿನ್ನ ತಪ್ಪು ಹೌದೋ ಅಲ್ಲೋ ಅಂತ ಅಕಿನ್ನ ಕೇಳಿದೆ. ಅಕಿ ಹೌದು ಅಂತ ಗೋಣು ಹಾಕಿದ್ಲು, ತಂಗಿ.”